ಚೆಂಡಿನ ಹಿಂದೆ ಓಡುವ ಮಕ್ಕಳಿಗೆ ಕೆಲವು ಪುಸ್ತಕಗಳು

ಮಗ ಪುಸ್ತಕ ಮುಟ್ಟುವುದೇ ಇಲ್ಲ ಎಂಬುದು ತಾಯಂದಿರು ಸೇರಿದಲ್ಲೆಲ್ಲ ಕೇಳಿಬರುವ ದೂರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ದಿನವೂ ಬಸ್ ಹತ್ತಿ ಗದಗ-ಬೆಟಗೇರಿಯ ಕಾಲೇಜುಗಳಿಗೆ ಹೋಗಿ ಬರುವ ಹುಡುಗರ ಮನೆಗಳಲ್ಲಿ ಈ ದೂರಿಗೆ ಒಂದು ಬಾಲವೂ ಇರುತ್ತದೆ. ಕಾಲೇಜು ಬಿಟ್ಟ ಮೇಲೆ ಚೆಂಡಾಟ, ಮನೆಗೆ ಬಂದರೆ ಮೊಬೈಲಿನಲ್ಲಿ ಅದೇ ಆಟ. ಅಬ್ಬಾ ಗದರುತ್ತಾರೆ, ಅಮ್ಮಿ ಅಡ್ಡ ಬರುತ್ತಾರೆ, ಹುಡುಗ ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಾನೆ. ಮರುದಿನ ಮತ್ತೆ ಅದೇ.

ಈ ತಿಂಗಳು ಅಂಥ ಮನೆಗಳಿಗಾಗಿ ಕೆಲವು ಪುಸ್ತಕಗಳನ್ನು ಆರಿಸಿದ್ದೇನೆ. ಹೆಚ್ಚಿನವು ಫುಟ್‌ಬಾಲಿನವು. ಆದರೆ ಆಟದ ನಿಯಮ ಕಲಿಸುವ ಪುಸ್ತಕಗಳಲ್ಲ. ಆಡುವ ಮಕ್ಕಳು, ಅವರಿಗಾಗಿ ಕಾಯುವ ತಾಯಂದಿರು, ಅವರನ್ನು ಹೆಗಲ ಮೇಲೆ ಹೊತ್ತು ಕುಣಿಸಿ ಒಂದು ದಿನ ಕೆಳಗಿಳಿಸಿಬಿಡುವ ಊರುಗಳು, ಇವರ ಕಥೆಗಳು. ಎಲ್ಲವೂ ಇಂಗ್ಲಿಷಿನವು ಎಂದು ಗಾಬರಿಯಾಗಬೇಡಿ. ಕಾಲೇಜಿಗೆ ಹೋಗುವ ಮಗನೋ ಮಗಳೋ ದಿನಕ್ಕೆ ಹತ್ತು ಪುಟ ಓದಿ, ರಾತ್ರಿ ಮನೆಯ ಮಾತಿನಲ್ಲಿ ಹೇಳಲಿ. ರೊಟ್ಟಿ ಬಡಿಯುತ್ತಲೇ ಕೇಳಬಹುದು. ಮಗನ ತಲೆಯಲ್ಲಿ ಏನಿದೆಯೆಂದು ತಿಳಿಯಲು ಬೈಯುವುದಕ್ಕಿಂತ ಇದು ಸುಲಭದ ದಾರಿ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮಕ್ಕಳು ಕಾಲಿನಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೈಗೆ ಮೈ ಗುದ್ದಿ ಓಡುವ ಆಟ. ಅಲ್ಲಿ ಕಾಲೇಜು ತಂಡದ ಪಂದ್ಯ ನೋಡಲು ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣಗಳಿವೆ. ವಾರೆನ್ ಸೇಂಟ್ ಜಾನ್ ಎಂಬ ಪತ್ರಕರ್ತ ಅಲಬಾಮಾ ವಿಶ್ವವಿದ್ಯಾಲಯ ತಂಡದ ಅಭಿಮಾನಿಗಳ ಜೊತೆ ಒಂದು ಋತುವಿಡೀ ಊರೂರು ತಿರುಗಿ 2004ರಲ್ಲಿ 'ರ‍್ಯಾಮರ್ ಜ್ಯಾಮರ್ ಯೆಲ್ಲೋ ಹ್ಯಾಮರ್' ಎಂಬ ಪುಸ್ತಕ ತಂದರು. ಅದರಲ್ಲಿ ಬರುವ ಒಂದು ದಂಪತಿ, ಪಂದ್ಯದ ದಿನವೇ ಮಗಳ ಮದುವೆ ಬಂದದ್ದರಿಂದ ಮದುವೆಗೇ ಹೋಗಲಿಲ್ಲ! ಪಂದ್ಯ ನೋಡಿದ ಮೇಲೆ ಔತಣಕ್ಕೆ ಓಡಿದರು. ನಿಮ್ಮ ಮನೆಯಲ್ಲಿ ಕ್ರಿಕೆಟ್ ಹುಚ್ಚಿನ ಯಜಮಾನರಿದ್ದರೆ ಈ ಪುಟಗಳನ್ನು ಅವರಿಗೂ ಓದಿ ಹೇಳಿ. ಅವರು ಎಷ್ಟೋ ಮೇಲು ಎನ್ನಿಸುತ್ತದೆ.

ಅದು ನಗಿಸುವ ಪುಸ್ತಕ. ನಾನು ಮಕ್ಕಳ ಕೈಗೆ ಮೊದಲು ಕೊಡಬೇಕೆನ್ನುವುದು ನಗಿಸುವ ಪುಸ್ತಕವಲ್ಲ. ಎಚ್.ಜಿ. ಬಿಸಿಂಜರ್ ಅವರ 'ಫ್ರೈಡೇ ನೈಟ್ ಲೈಟ್ಸ್', 1990ರಲ್ಲಿ ಬಂದದ್ದು. ಬಿಸಿಂಜರ್ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು. 1988ರಲ್ಲಿ ಹೆಂಡತಿ ಮಕ್ಕಳೊಂದಿಗೆ ಟೆಕ್ಸಾಸಿನ ಒಡೆಸ್ಸಾ ಎಂಬ ಎಣ್ಣೆಬಾವಿಗಳ ಊರಿಗೆ ಬಂದು, ಅಲ್ಲಿನ ಪರ್ಮಿಯನ್ ಹೈಸ್ಕೂಲಿನ ತಂಡವನ್ನು ಇಡೀ ಋತು ಹಿಂಬಾಲಿಸಿದರು. ಪ್ರತಿ ಶುಕ್ರವಾರ ರಾತ್ರಿ ಊರಿಗೆ ಊರೇ ಕ್ರೀಡಾಂಗಣದಲ್ಲಿ. ಹದಿನೇಳು ಹದಿನೆಂಟರ ಹುಡುಗರು ಊರಿನ ರಾಜರು. ಅವರಲ್ಲೊಬ್ಬ ಬೂಬಿ ಮೈಲ್ಸ್, ಚಿಕ್ಕಪ್ಪನ ಆಸರೆಯಲ್ಲಿ ಬೆಳೆದ ಕರಿಯರ ಹುಡುಗ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಅವನನ್ನು ತಮ್ಮ ತಂಡಕ್ಕೆ ಕರೆಯುತ್ತಿದ್ದವು. ಆಟವೇ ಅವನ ಓದು, ಆಟವೇ ಅವನ ನೌಕರಿ. ಋತು ಆರಂಭವಾಗುವ ಮೊದಲೇ, ಅಭ್ಯಾಸದ ಪಂದ್ಯವೊಂದರಲ್ಲಿ, ಅವನ ಮೊಣಕಾಲು ಹೋಯಿತು. ಅಷ್ಟೇ. ನಿನ್ನೆ ಅವನ ಹೆಸರು ಕೂಗುತ್ತಿದ್ದವರು ಇಂದು ಇನ್ನೊಬ್ಬನ ಹೆಸರು ಕೂಗಿದರು. ಅವನ ಬಗ್ಗೆ ಆ ಊರಿನವರು ಆಡಿದ ಮಾತುಗಳನ್ನು ಓದುವಾಗ ಮೈ ಉರಿಯುತ್ತದೆ.

ಅದೇ ಶಾಲೆಯಲ್ಲಿ ಇಂಗ್ಲಿಷ್ ವಿಭಾಗದ ಬೋಧನಾ ಸಾಮಗ್ರಿಗೆ ಆಗುವ ಖರ್ಚಿಗಿಂತ ಆಟಗಾರರ ಪಟ್ಟಿ, ಔಷಧಿಗಳ ಖರ್ಚೇ ಹೆಚ್ಚಾಗಿತ್ತು ಎಂದು ಲೇಖಕರು ಲೆಕ್ಕ ಕೊಡುತ್ತಾರೆ. ಗಮನಿಸಿ, ಬಿಸಿಂಜರ್ ಆಟವನ್ನು ಬೈಯುವುದಿಲ್ಲ. ಪಂದ್ಯಗಳನ್ನು ಅವರು ವರ್ಣಿಸುವ ರೀತಿಗೆ ಉಸಿರು ಬಿಗಿಹಿಡಿಯಬೇಕು. ಅದಕ್ಕೇ ಹುಡುಗರು ಈ ಪುಸ್ತಕವನ್ನು ಕೆಳಗಿಡುವುದಿಲ್ಲ. "ಆಟ ಆಡು, ಆದರೆ ಡಿಗ್ರಿ ಮುಗಿಸು" ಎಂದು ನಾವು ಸಾವಿರ ಸಲ ಹೇಳಿ ಬೇಸತ್ತದ್ದನ್ನು ಬೂಬಿ ಮೈಲ್ಸನ ಮೊಣಕಾಲು ಒಂದೇ ಸಲಕ್ಕೆ ಹೇಳುತ್ತದೆ.

ಇನ್ನೊಂದು ಪ್ರಸಿದ್ಧ ಪುಸ್ತಕ ಮೈಕೆಲ್ ಲೂಯಿಸ್ ಅವರ 'ದ ಬ್ಲೈಂಡ್ ಸೈಡ್' (2006). ಮನೆಯಿಲ್ಲದ ಮೈಕೆಲ್ ಓಹರ್ ಎಂಬ ಹುಡುಗನನ್ನು ಶ್ರೀಮಂತ ಬಿಳಿಯ ಕುಟುಂಬವೊಂದು ಮನೆಗೆ ಕರೆದುಕೊಂಡು, ಓದಿಸಿ, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿಸಿದ ಕಥೆ. 2009ರಲ್ಲಿ ಸಿನಿಮಾ ಆಯಿತು, ತಾಯಿಯ ಪಾತ್ರಧಾರಿಗೆ ಆಸ್ಕರ್ ಬಂತು, ಜನ ಕಣ್ಣೀರು ಹಾಕಿದರು. ಆದರೆ 2023ರ ಆಗಸ್ಟಿನಲ್ಲಿ ಓಹರ್ ನ್ಯಾಯಾಲಯಕ್ಕೆ ಹೋದರು. ತನ್ನನ್ನು ದತ್ತು ತೆಗೆದುಕೊಂಡೇ ಇಲ್ಲ, ಹದಿನೆಂಟು ತುಂಬಿದ ಮೇಲೆ ಪಾಲಕತ್ವದ ಕಾಗದಕ್ಕೆ ಸಹಿ ಹಾಕಿಸಿಕೊಂಡು ತನ್ನ ವ್ಯವಹಾರದ ಹಕ್ಕನ್ನೇ ಅವರ ಕೈಗೆ ಕೊಡಿಸಲಾಯಿತು ಎಂಬುದು ಅವರ ದೂರು. ಕುಟುಂಬದವರು ಆರೋಪ ಅಲ್ಲಗಳೆದರು. ಆ ಪಾಲಕತ್ವವನ್ನು ನ್ಯಾಯಾಧೀಶರು ಅದೇ ಸೆಪ್ಟೆಂಬರಿನಲ್ಲಿ ರದ್ದು ಮಾಡಿದರು. ಅನಾಥನಿಗೆ ಅನ್ನ ಹಾಕುವುದು ಬೇರೆ, ಅವನ ಸೊತ್ತಿಗೆ ಕೈ ಹಾಕುವುದು ಬೇರೆ ಎಂಬುದು ಯತೀಮರ ಹಕ್ಕಿನ ಮಾತು ಕೇಳುತ್ತ ಬೆಳೆದ ನಮ್ಮ ಮನೆಗಳಿಗೆ ಹೊಸದಲ್ಲ. ಈ ಪುಸ್ತಕ ಓದುವುದಾದರೆ ಜೊತೆಗೆ ಓಹರ್ ಸ್ವತಃ ಬರೆದ 'ಐ ಬೀಟ್ ದ ಆಡ್ಸ್' (2011) ಓದಿ. ಒಂದೇ ಮನೆಯ ಕಥೆ ಇಬ್ಬರ ಬಾಯಲ್ಲಿ ಎಷ್ಟು ಬೇರೆಯಾಗುತ್ತದೆ ನೋಡಿ. ಎರಡರಲ್ಲಿ ಒಂದೇ ಸಿಗುವುದಾದರೆ ನನ್ನ ಮತ ಓಹರ್ ಅವರಿಗೆ.

ಅಮೆರಿಕ ಸಾಕು, ನಮ್ಮ ನಾಡಿಗೆ ಬರೋಣ. ನಾವಿ ಕಪಾಡಿಯಾ ದೆಹಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, ಫುಟ್‌ಬಾಲ್ ವೀಕ್ಷಕ ವಿವರಣೆಗೆ ಹೆಸರಾದವರು. 2021ರಲ್ಲಿ ತೀರಿಕೊಂಡರು. ಅವರು 2017ರಲ್ಲಿ ಬರೆದ 'ಬೇರ್‌ಫುಟ್ ಟು ಬೂಟ್ಸ್' ಬರಿಗಾಲಿನಿಂದ ಬೂಟಿನವರೆಗೆ ಬಂದ ಭಾರತದ ಫುಟ್‌ಬಾಲಿನ ಇತಿಹಾಸ. ಆ ಬರಿಗಾಲಿನ ಕಾಲದಲ್ಲಿ ಮುಸ್ಲಿಂ ಕ್ಲಬ್ಬುಗಳ ಪಾತ್ರ ಎಷ್ಟು ದೊಡ್ಡದೆಂದು ನಮ್ಮ ಮಕ್ಕಳಿಗೆ ತಿಳಿದೇ ಇಲ್ಲ. 1891ರಲ್ಲಿ ಹುಟ್ಟಿದ ಕಲ್ಕತ್ತದ ಮಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ವರ್ಷ ಅಲ್ಲಿನ ಲೀಗ್ ಗೆದ್ದಿತು. ಅದಕ್ಕೂ ಮೊದಲು ಯಾವ ಭಾರತೀಯ ತಂಡವೂ ಆ ಲೀಗ್ ಗೆದ್ದಿರಲಿಲ್ಲ. 1940ರಲ್ಲಿ ಬ್ರಿಟಿಷ್ ಸೈನ್ಯದ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ ಕೂಡ ತಂದಿತು.

ಇನ್ನು ನಮ್ಮದೇ ರಾಜ್ಯದ ಮಾತು. ಮುಂಬಯಿಯ ರೋವರ್ಸ್ ಕಪ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುವಾದದ್ದು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬ್ರಿಟಿಷ್ ಪಲ್ಟಣಗಳೇ ಅದನ್ನು ಹಂಚಿಕೊಂಡವು. 1937ರಲ್ಲಿ ಮೊಟ್ಟಮೊದಲ ಬಾರಿಗೆ ಸೈನ್ಯದ್ದಲ್ಲದ ಭಾರತೀಯ ತಂಡವೊಂದು ಅದನ್ನು ಗೆದ್ದಿತು. ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್! ಫೈನಲ್‌ನಲ್ಲಿ ಎದುರಾಗಿದ್ದದ್ದು ಅದೇ ಮಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ 1938ರಲ್ಲಿ ಮತ್ತೆ ಗೆದ್ದರು. ಆ ಕ್ಲಬ್ಬಿನಲ್ಲಿ ಆಡಿ ಬೆಳೆದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲೇ ಫ್ರಾನ್ಸನ್ನು ಎದುರಿಸಿ 2-1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಖಾನ್ ಇದ್ದರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದೆದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅವರದ್ದು. ಆ ಸೋಲಿನ ನಂತರವೇ ಬೂಟು ಕಡ್ಡಾಯವಾದದ್ದು. ಅವರು 2017ರಲ್ಲಿ ತೀರಿಕೊಂಡರು.

2023ರ ಮಾರ್ಚಿನಲ್ಲಿ ಸೌದಿಯ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದು ಕೊಲ್ಲಿಯಲ್ಲಿ ಬಂಧುಗಳಿರುವ ಮನೆಗಳಿಗೆ ನೆನಪಿರಬಹುದು. ಅದಕ್ಕೂ ಹಿಂದಿನ ಗೆಲುವು 1968-69ರದ್ದು, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ನಡುವೆ ಐವತ್ತನಾಲ್ಕು ವರ್ಷ! ಗದಗವನ್ನು ಮುದ್ರಣ ಕಾಶಿ ಎನ್ನುತ್ತೇವೆ. ಪಠ್ಯಪುಸ್ತಕ, ಪುರಾಣ, ನಾಟಕ, ಪಂಚಾಂಗ ಎಲ್ಲ ಅಚ್ಚು ಹಾಕಿದ ಊರು. ಬೆಂಗಳೂರು ಮುಸ್ಲಿಮ್ಸ್ ತಂಡದ ಕಥೆಯನ್ನು ಯಾರಾದರೂ ಕನ್ನಡದಲ್ಲಿ ಬರೆದು ಇಲ್ಲಿ ಅಚ್ಚು ಹಾಕಿಸಿದರೆ ಮೊದಲ ಪ್ರತಿ ನನಗಿರಲಿ.

ಕ್ರಿಕೆಟ್ಟಿನ ಮಕ್ಕಳು ಮುನಿಸಿಕೊಳ್ಳಬಾರದಲ್ಲ, ಅವರಿಗೂ ಒಂದು. ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' (2002). ಅದರ ನಾಯಕ ಪಾಲ್ವಂಕರ್ ಬಾಳು 1876ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. 1997ರವರೆಗೆ ಗದಗ ಇದ್ದದ್ದು ಅದೇ ಜಿಲ್ಲೆಯೊಳಗೆ, ಹಾಗಾಗಿ ನಮ್ಮವನೇ ಎನ್ನಬಹುದು. ದಲಿತನಾದ ಅವನ ಬೌಲಿಂಗ್ ತಂಡಕ್ಕೆ ಬೇಕಿತ್ತು, ಆದರೆ ಚಹಾ ಕುಡಿಯಲು ಅವನು ಹೊರಗೆ ನಿಲ್ಲಬೇಕಿತ್ತು, ಕಪ್ಪೂ ಬೇರೆ. ಹಿಂದೂ, ಮುಸ್ಲಿಂ, ಪಾರ್ಸಿ ಎಂದು ಧರ್ಮದ ಹೆಸರಿನಲ್ಲಿ ತಂಡ ಕಟ್ಟಿ ಆಡುತ್ತಿದ್ದ ಕಾಲದ ಒಳಿತು ಕೆಡುಕು ಎರಡೂ ಇಲ್ಲಿವೆ.

ಈಗ ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. ಅಣ್ಣ ಆಡಿದರೆ ಹುಡುಗಾಟ, ತಂಗಿ ಆಡುತ್ತೇನೆಂದರೆ ಮನೆಯಲ್ಲಿ ಸಭೆ! ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಹೂಡಿದ್ದನ್ನು, ಮೊದಲ ಸಲ ಆಯಿಶಾರೇ(ರ) ಗೆದ್ದದ್ದನ್ನು ನಾವು ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ. ಆದರೆ ಮಗಳು ಬೂಟು ಕೇಳಿದ ದಿನ ಆ ಕಥೆ ನೆನಪಾಗುವುದಿಲ್ಲ. ಅಂಥ ಮನೆಗಳಲ್ಲಿ ಖಾಲಿದಾ ಪೋಪಲ್ ಅವರ ಆತ್ಮಕಥೆ 'ಮೈ ಬ್ಯೂಟಿಫುಲ್ ಸಿಸ್ಟರ್ಸ್' (2024) ಓದಬೇಕು. ಕಾಬೂಲಿನಲ್ಲಿ ಹುಟ್ಟಿ, ಪಾಕಿಸ್ತಾನದಲ್ಲಿ ನಿರಾಶ್ರಿತರಾಗಿದ್ದು, ಮರಳಿ ಬಂದ ಹುಡುಗಿ. ಚೆಂಡು ಕಲಿಸಿದ್ದು ತಾಯಿ. ಆಕೆ ವ್ಯಾಯಾಮ ಶಿಕ್ಷಕಿ. ಶಾಲೆಯ ಗೋಡೆಗಳ ಮರೆಯಲ್ಲಿ ಶುರುವಾದ ಆಟ 2007ರಲ್ಲಿ ಅಫ್ಘಾನಿಸ್ತಾನದ ಮಹಿಳಾ ರಾಷ್ಟ್ರೀಯ ತಂಡವಾಯಿತು. ಬೆದರಿಕೆಗಳಿಂದಾಗಿ 2011ರಲ್ಲಿ ಖಾಲಿದಾ ದೇಶ ಬಿಡಬೇಕಾಯಿತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿದಾಗ, ನಿಮ್ಮ ಹೆಸರು, ಫೋಟೋ ಎಲ್ಲ ಅಳಿಸಿ, ಜರ್ಸಿ ಸುಟ್ಟುಬಿಡಿ ಎಂದು ತಾನು ಬೆಳೆಸಿದ ಹುಡುಗಿಯರಿಗೆ ತಾನೇ ಹೇಳಬೇಕಾಯಿತು. ನಂತರ ಡೆನ್ಮಾರ್ಕಿನಿಂದಲೇ ಫೋನು ಹಿಡಿದು ಅವರನ್ನು ದೇಶದಿಂದ ಹೊರತರಿಸುವ ಕೆಲಸದಲ್ಲಿ ನಿಂತರು.

ತಾಯಂದಿರು ಈ ಕಥೆಯಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಆಟಗಾರ್ತಿಯರ ಮೇಲಿನ ಲೈಂಗಿಕ ದೌರ್ಜನ್ಯವನ್ನು ಬಯಲಿಗೆಳೆಯುವುದರಲ್ಲಿ ಖಾಲಿದಾ ಮುಂದೆ ನಿಂತರು. ಅಫ್ಘಾನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷನನ್ನೇ ಫಿಫಾ 2019ರಲ್ಲಿ ಆಜೀವ ನಿಷೇಧಿಸಿತು. ಮಗಳನ್ನು ಮೈದಾನಕ್ಕೆ ಕಳಿಸಲು ನಾವು ಹೆದರುವುದು ಸುಳ್ಳು ಭಯವಲ್ಲ. ಆದರೆ ಖಾಲಿದಾ ಹುಡುಗಿಯರನ್ನು ಮನೆಗೆ ಕಳಿಸಲಿಲ್ಲ, ತಪ್ಪು ಮಾಡಿದವನನ್ನು ಮೈದಾನದಿಂದ ಹೊರಗೆ ಕಳಿಸಿದರು. ಕೋಚ್ ಯಾರು, ಬೇರೆ ಊರಿಗೆ ಪಂದ್ಯಕ್ಕೆ ಹೋದಾಗ ಜೊತೆಗೆ ಮಹಿಳಾ ಶಿಕ್ಷಕಿ ಇರುತ್ತಾರೆಯೇ, ರಾತ್ರಿ ತಂಗುವುದೆಲ್ಲಿ ಎಂದು ಕಾಲೇಜಿನವರನ್ನು ಕೇಳುವುದು ನಮ್ಮ ಹಕ್ಕು. ಕೇಳಿದ ಮೇಲೆ ಕಳಿಸಿ.

ಉಡುಪಿನ ಪ್ರಶ್ನೆಗೂ ಉತ್ತರ ಬಂದಾಗಿದೆ. ಶಿರವಸ್ತ್ರದ ಕಾರಣಕ್ಕೆ 2011ರಲ್ಲಿ ಇರಾನಿನ ಮಹಿಳಾ ತಂಡಕ್ಕೆ ಒಲಿಂಪಿಕ್ ಅರ್ಹತಾ ಪಂದ್ಯ ಆಡಲು ಬಿಡಲಿಲ್ಲ. 2014ರಲ್ಲಿ ಆ ನಿಷೇಧ ಪೂರ್ತಿ ತೆರವಾಯಿತು. 2023ರ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆನ್‌ಝೀನಾ ಹಿಜಾಬ್ ಧರಿಸಿಯೇ ಆಡಿದರು. ಅಂದು ಮೊರಾಕ್ಕೊ ದಕ್ಷಿಣ ಕೊರಿಯಾವನ್ನು 1-0ರಿಂದ ಸೋಲಿಸಿತು.

ಜಾಗ ಮುಗಿಯುತ್ತಿದೆ, ಆದರೂ ಒಂದನ್ನು ಬಿಡಲಾರೆ. ಮದುವೆ ತಪ್ಪಿಸಿಕೊಂಡ ದಂಪತಿಯ ಕಥೆ ಬರೆದ ವಾರೆನ್ ಸೇಂಟ್ ಜಾನ್ 2009ರಲ್ಲಿ 'ಔಟ್‌ಕಾಸ್ಟ್ಸ್ ಯುನೈಟೆಡ್' ಬರೆದರು. ಈ ಸಲ ಕಾಲಿನಲ್ಲಿ ಆಡುವ ಚೆಂಡು. ಜೋರ್ಡಾನಿನಿಂದ ಕಾಲೇಜು ಓದಲು ಅಮೆರಿಕಕ್ಕೆ ಬಂದ ಲೂಮಾ ಮುಫ್ಲೆ ಎಂಬ ಮಹಿಳೆ, ಜಾರ್ಜಿಯಾದ ಕ್ಲಾರ್ಕ್‌ಸ್ಟನ್ ಊರಿನಲ್ಲಿ ಯುದ್ಧಗಳಿಂದ ಓಡಿಬಂದ ನಿರಾಶ್ರಿತರ ಮಕ್ಕಳನ್ನು ಕಟ್ಟಿಕೊಂಡು ತಂಡ ಮಾಡುತ್ತಾಳೆ. ಭಾಷೆ ಬೇರೆ, ಧರ್ಮ ಬೇರೆ, ಕೆಲವರಿಗೆ ಬೂಟೂ ಇಲ್ಲ. ಹೊತ್ತಿಗೆ ಸರಿಯಾಗಿ ಬರದಿದ್ದರೆ, ಶಿಸ್ತು ತಪ್ಪಿದರೆ ತಂಡದಲ್ಲಿ ಜಾಗವಿಲ್ಲ ಎಂಬ ಕರಾರಿಗೆ ಮಕ್ಕಳು ಸಹಿ ಹಾಕಬೇಕು. ಊರಿನ ಮೇಯರ್ ಪಾರ್ಕಿನಲ್ಲಿ ಆಡಲು ಬಿಡುವುದಿಲ್ಲ. ಆಟದ ಮೈದಾನಕ್ಕಾಗಿ ಅವಳು ನಡೆಸುವ ಜಗಳ ಓದಿಯೇ ತಿಳಿಯಬೇಕು.

ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಗದಗದ ಅಂಗಡಿಗಳಲ್ಲಿ ಸಿಗದಿದ್ದರೆ ಹೆಸರು ಬರೆದುಕೊಟ್ಟು ತರಿಸಿಕೊಡಲು ಹೇಳಿ. ಕಾಲೇಜು ಗ್ರಂಥಾಲಯಕ್ಕೆ ಬೇಡಿಕೆ ಚೀಟಿ ಬರೆಯಲು ಮಗನಿಗೆ ಹೇಳಿ, ಒಬ್ಬನೇ ಬರೆದರೆ ನಡೆಯಲಿಕ್ಕಿಲ್ಲ, ತಂಡದ ಹುಡುಗರೆಲ್ಲ ಬರೆಯಲಿ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚೂ ಇಲ್ಲ, ಸಂತೆಗೆ ಗದಗಕ್ಕೆ ಬಂದ ದಿನವೇ ಗ್ರಂಥಾಲಯಕ್ಕೂ ಹೋಗಿ ಬರಬಹುದು. ಯಾವುದು ಮೊದಲು ಎಂದರೆ, ಮಗನಿಗೆ ಬಿಸಿಂಜರ್, ಮಗಳಿಗೆ ಖಾಲಿದಾ. ಇಬ್ಬರೂ ಇರುವ ಮನೆಯಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವಿದ್ದರೆ ಖಾಲಿದಾ ಕೊಳ್ಳಿ, ಅಣ್ಣನೂ ಅದನ್ನೇ ಓದಲಿ.