ಗೋವಿನಜೋಳದ ಹಂಗಾಮು ಸರಿದಂತೆ ಗಡುವುಗಳೂ ಸರಿಯಬೇಕೆಂದು ಕೋರಿ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಗದಗ ಜಿಲ್ಲೆ, ಗದಗ

ವಿಷಯ: ಬದಲಾದ ಮಳೆಗೆ ತಕ್ಕಂತೆ ಗೋವಿನಜೋಳದ ಬೀಜ ವಿತರಣೆ, ಬೆಳೆವಿಮೆ ಹಾಗೂ ಖರೀದಿಯ ವೇಳೆ ನಿಗದಿಪಡಿಸುವ ಕುರಿತು.

ಮಾನ್ಯರೇ,

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಗೋವಿನಜೋಳ ಬೆಳೆಗಾರರಾದ ನಾವು ವಿನಂತಿಸಿಕೊಳ್ಳುವುದೇನೆಂದರೆ:

ಮೃಗಶಿರಾ, ಆರಿದ್ರಾ ಮಳೆಗೆ ಬಿತ್ತಿ ದೀಪಾವಳಿಯ ಹೊತ್ತಿಗೆ ತೆನೆ ಮುರಿಯುವ ಲೆಕ್ಕ ಈಗ ಕೂಡಿಬರುತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಭಾಗದ ಹೊಲಗಳು ಮುಳುಗಿದವು. 2023ರಲ್ಲಿ ಮುಂಗಾರು ಕೈಕೊಟ್ಟು, ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಎರೆ ಹೊಲದಲ್ಲಿ ಎಳೆ ಪೈರಿನ ಬುಡಕ್ಕೆ ಎರಡು-ಮೂರು ದಿನ ನೀರು ನಿಂತರೆ ಎಲೆ ಹಳದಿಯಾಗಿ ಬೇರು ಕೊಳೆಯುತ್ತದೆ. ಸೂಲಂಗಿ ಬಂದು ತೆನೆಯ ಎಳೆ ಹೊರಬೀಳುವ ಹೊತ್ತಿಗೆ ಬಿಸಿಲು ಏರಿ ಮಳೆ ಹೋದರೆ, ಸಿಪ್ಪೆ ಸುಲಿದಾಗ ಅರ್ಧ ತೆನೆ ಬರಿದಾಗಿರುತ್ತದೆ. ತಡವಾಗಿ ಬಿತ್ತಿದವರಿಗೆ ನಷ್ಟ ಎರಡು ಪಟ್ಟು. ಹೊಲ ತೆರವಾಗುವಷ್ಟರಲ್ಲಿ ಹಿಂಗಾರಿ ಕಡಲೆ, ಬಿಳಿಜೋಳದ ಹದ ಹೋಗಿರುತ್ತದೆ.

ಹಂಗಾಮು ಹೀಗೆ ಸರಿಯುತ್ತಿದ್ದರೂ ವಿಮೆ ನೋಂದಣಿ ಸಾಮಾನ್ಯವಾಗಿ ಜುಲೈ ಅಂತ್ಯಕ್ಕೇ ಮುಗಿಯುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿ ನೋಡಿ ಈ ಗಡುವು ವಿಸ್ತರಿಸಲು ತಾವು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಬಿತ್ತನೆಯೇ ಸಾಧ್ಯವಾಗದ ಕಡೆ ಬೆಳೆವಿಮೆ ಯೋಜನೆಯಲ್ಲಿರುವ, ವಿಮಾ ಮೊತ್ತದ ಶೇ 25ರ ಪರಿಹಾರವನ್ನು ಅದೇ ಅಂಕಿಯ ಆಧಾರದಲ್ಲಿ ಕೊಡಿಸಬೇಕು. ಹಾನಿಯಾದ 72 ಗಂಟೆಯೊಳಗೆ ದೂರು ಕೊಡಬೇಕೆಂಬ ನಿಯಮವಿದೆ; ಮೊಬೈಲ್ ಆ್ಯಪ್ ಬಳಸಲು ಬಾರದ ಹಿರಿಯ ರೈತರ ಅರ್ಜಿಯನ್ನು ರೈತ ಸಂಪರ್ಕ ಕೇಂದ್ರದಲ್ಲೇ ಪಡೆದು ಸ್ವೀಕೃತಿ ನೀಡಲಿ.

ಕೊಯ್ಲಿನ ನಂತರದ ಗೋಳು ಇನ್ನೂ ದೊಡ್ಡದು. ಹೊಲದಲ್ಲಿ ಒಣಗುವ ಬೆಳೆಗೆ ವಿಮೆಯಲ್ಲಿ 14 ದಿನಗಳ ರಕ್ಷಣೆ ಇದೆ. ಆದರೆ ವಾಯುಭಾರ ಕುಸಿತದ ಮಳೆಗೆ ಎರೆ ಹೊಲ ಕೆಸರಾದಾಗ ರಸ್ತೆಬದಿಗೆ ತಂದು ಹರವಿದ ಕಾಳಿಗೆ ಅದು ಸಿಗುವುದಿಲ್ಲ. ರಾತ್ರಿ ತಾಡಪಾಲು ಹೊದಿಸಿ, ಬೆಳಗ್ಗೆ ತೆಗೆದು, ಮತ್ತೆ ಹರವಿ ಕಾದರೂ ತೇವಾಂಶ ಹೆಚ್ಚೆಂದು ದರ ಮುರಿಯುತ್ತಾರೆ. ಆದ್ದರಿಂದ ದೊಡ್ಡ ಗ್ರಾಮಗಳಲ್ಲಿ ಒಕ್ಕಣೆ ಕಣ, ಎಪಿಎಂಸಿಗಳಲ್ಲಿ ಕಾಳು ಒಣಗಿಸುವ ಯಂತ್ರ ಬೇಕೇ ಬೇಕು.

2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400 ಇದ್ದರೂ ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ನಮ್ಮದೇ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಧರಣಿ ಕೂರಬೇಕಾಯಿತು. ಮಾಲು ಮಾರಿದ ಮೇಲೆ ಕೇಂದ್ರ ತೆರೆದರೆ ಸಾಲಗಾರ ರೈತನಿಗೆ ಪ್ರಯೋಜನವಿಲ್ಲ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಕೊಯ್ಲಿಗೆ ಮೊದಲೇ ಖರೀದಿ ನೋಂದಣಿ ಆರಂಭವಾಗಲಿ.

ಮಳೆ ತಡವಾದ ವರ್ಷ ಅಲ್ಪಾವಧಿ ತಳಿಯ ಬೀಜ ದಾಸ್ತಾನು ಇರಲಿ. ಮಳೆ ಹೆಚ್ಚಾದ ವರ್ಷ ಹೊಲಗಳು ಮುಳುಗದಂತೆ ಬೆಣ್ಣೆಹಳ್ಳದ ಹೂಳನ್ನು ಬೇಸಿಗೆಯಲ್ಲೇ ತೆಗೆಸಿ.

ಮುಂದಿನ ಮುಂಗಾರಿಗೆ ಮೊದಲು ಕೃಷಿ ಇಲಾಖೆ, ವಿಮಾ ಕಂಪನಿ ಹಾಗೂ ರೈತರ ಸಭೆ ಕರೆದು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಗೋವಿನಜೋಳ ಬೆಳೆಗಾರರು
ರೋಣ, ನರಗುಂದ, ಗಜೇಂದ್ರಗಡ

ಪ್ರತಿ: ಮೂರೂ ತಾಲ್ಲೂಕುಗಳ ತಹಶೀಲ್ದಾರರಿಗೆ, ಜಂಟಿ ಕೃಷಿ ನಿರ್ದೇಶಕರಿಗೆ, ಗದಗ