ಸರ್ವರನ್ನು ನಿಲ್ಲಿಸುವುದೂ ಒಂದು ಕೆಲಸ



ಮುಂಗಾರು ಕಾಲಿಡುವ ಮುನ್ನ ನಾವು ತೋಟದ ಬಸಿಗಾಲುವೆಗಳ ಹೂಳು ತೆಗೆಸುತ್ತೇವೆ, ನೆರಳಿನ ಮರಗಳ ಕೊಂಬೆ ಸವರಿಸುತ್ತೇವೆ, ಅಡಿಕೆ ಗೊನೆಗಳಿಗೆ ಮೊದಲ ಸುತ್ತಿನ ಬೋರ್ಡೋ ಸಿಂಪಡಿಸಲು ಮೈಲುತುತ್ತ, ಸುಣ್ಣ ತಂದಿಡುತ್ತೇವೆ. ಮಳೆ ಹಿಡಿದ ಮೇಲೆ ಈ ಕೆಲಸಗಳಿಗೆ ಕೈ ಹಚ್ಚಿದರೆ ಪ್ರಯೋಜನವಿಲ್ಲವೆಂಬುದನ್ನು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಘದ ಕಚೇರಿಯಲ್ಲಿರುವ ಸರ್ವರಿಗೂ ಇಂಥದೇ ಸಿದ್ಧತೆ ಬೇಕು. ಅದನ್ನು ಗುಮಾಸ್ತರ ನೆನಪಿಗೋ ಯಂತ್ರ ಮಾರಿದವರ ಮರ್ಜಿಗೋ ಬಿಡದೆ ಸಂಘದ ನಿರ್ಣಯವಾಗಿ ಬರೆದಿಡಬೇಕು ಎಂಬುದು ನಮ್ಮ ಅಭಿಪ್ರಾಯ.

ಗಣಕಯಂತ್ರ ಬೇಕೇ ಬೇಡವೇ ಎಂಬ ಚರ್ಚೆ ಈಗ ಉಳಿದಿಲ್ಲ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಸಹಕಾರಿ ಕ್ಷೇತ್ರ ಕಾಗದದ ಖತಾವಣಿಯಿಂದ ಯಂತ್ರದ ಖತಾವಣಿಗೆ ಹೊರಳಿಯಾಗಿದೆ. ಉಳಿದಿರುವ ಪ್ರಶ್ನೆ ಒಂದೇ: ಆ ಯಂತ್ರವನ್ನು ನಾವು ಹೇಗೆ ಇಟ್ಟುಕೊಳ್ಳುತ್ತೇವೆ?

ಮೊದಲು, ಒಳಗೆ ಏನಿದೆ ಎಂಬುದನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ನಮ್ಮಲ್ಲಿರುವುದು ಒಂದೇ ಯಂತ್ರ; ಅದರೊಳಗೆ ಮೂರು 'ಸಿಸ್ಟಮ್ ಕಂಟೇನರು'ಗಳು. ಒಂದರಲ್ಲಿ ಸದಸ್ಯರ ಖಾತೆಗಳ ಡೇಟಾಬೇಸು, ಇನ್ನೊಂದರಲ್ಲಿ ಲೆಕ್ಕಪತ್ರದ ಕಾರ್ಯಕ್ರಮ, ಮೂರನೆಯದರಲ್ಲಿ ಗೋದಾಮಿನ ತೂಕದ ಚೀಟಿಗಳನ್ನು ಬರಮಾಡಿಕೊಳ್ಳುವ ಮುಂಬಾಗಿಲು. ತೋಟದ ಲೈನ್ ಮನೆಗಳನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದೇ ಪಾಯ, ಒಂದೇ ಮಾಡು, ಆದರೆ ಪ್ರತಿ ಸಂಸಾರಕ್ಕೂ ಬೇರೆ ಬಾಗಿಲು, ಬೇರೆ ಒಲೆ. ಇಲ್ಲಿ ಪಾಯವೆಂದರೆ ಲಿನಕ್ಸ್ ಕರ್ನಲ್. ಪ್ರತಿಯೊಂದಕ್ಕೂ ಬೇರೆ ಬಂಗಲೆ ಕಟ್ಟಿಸಿದಂತೆ ವರ್ಚುವಲ್ ಮೆಷಿನ್ ಮಾಡುವುದೂ ಉಂಟು. ಅದು ಒಳ್ಳೆಯದೇ, ಆದರೆ ಯಂತ್ರದ ಶಕ್ತಿಯನ್ನು ಹೆಚ್ಚು ಬೇಡುತ್ತದೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಲಿನಕ್ಸಿನಲ್ಲಿ ಇದಕ್ಕೆ ಬೇಕಾದ ಏರ್ಪಾಡುಗಳು 2008ರ ಹೊತ್ತಿಗೆ ಕೂಡಿಬಂದು ಎಲ್‌ಎಕ್ಸ್‌ಸಿ ಹುಟ್ಟಿತು. ಅದರ ಮೇಲೆ 2014ರಲ್ಲಿ ಕೆನೊನಿಕಲ್ ಸಂಸ್ಥೆ ಎಲ್‌ಎಕ್ಸ್‌ಡಿಯನ್ನು ಕಟ್ಟಿತು. 2023ರ ಜುಲೈಯಲ್ಲಿ ಆ ಸಂಸ್ಥೆ ಎಲ್‌ಎಕ್ಸ್‌ಡಿಯನ್ನು ಸಮುದಾಯದ ಯೋಜನೆಯಿಂದ ತನ್ನ ಸುಪರ್ದಿಗೆ ತೆಗೆದುಕೊಂಡಾಗ, ಮರುತಿಂಗಳೇ 'ಇಂಕಸ್' ಎಂಬ ಕವಲು ಒಡೆಯಿತು. 2024ರ ಏಪ್ರಿಲ್‌ನಲ್ಲಿ ಬಂದ ಇಂಕಸ್ 6.0 ಆವೃತ್ತಿಗೆ 2029ರವರೆಗೆ ಬೆಂಬಲವುಂಟು. ಹಲವರು ಕೂಡಿ ನಡೆಸುವ ಇಂಥ ಕೆಲಸದ ಬಗೆಗೆ ಸಹಕಾರಿಗಳಾದ ನಮಗೆ ಸಹಜವಾಗಿಯೇ ಒಲವು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. 2013ರಲ್ಲಿ ಬಂದ ಡಾಕರ್‌ನಂಥವುಗಳಲ್ಲಿ ಸಾಮಾನ್ಯವಾಗಿ ಒಂದು ಕಂಟೇನರಿನಲ್ಲಿ ಒಂದೇ ಕಾರ್ಯಕ್ರಮ ಓಡುತ್ತದೆ. ಸಿಸ್ಟಮ್ ಕಂಟೇನರಿನಲ್ಲಿ ಇಡೀ ವ್ಯವಸ್ಥೆಯೇ ಓಡುತ್ತದೆ. ಅದರೊಳಗೆ ತನ್ನದೇ ಮೇಸ್ತ್ರಿ, ತನ್ನವೇ ಆಳುಗಳು. ಆದ್ದರಿಂದ ಅದಕ್ಕೆ ಒಂದು ಪೂರ್ಣ ಯಂತ್ರಕ್ಕೆ ಸಲ್ಲುವ ಮರ್ಯಾದೆಯೇ ಸಲ್ಲಬೇಕು. ಹೊರಗಿನವರು ಅದನ್ನು ಹೇಗೆ ತಲುಪುತ್ತಾರೆ ಎಂಬುದೂ, ಅದು ಹೇಗೆ ನಿಲ್ಲುತ್ತದೆ ಎಂಬುದೂ ಯೋಚಿಸಿ ಗೊತ್ತುಮಾಡಬೇಕಾದ ಸಂಗತಿಗಳು.

ಸಂಪರ್ಕದ ವಿಷಯವನ್ನು ಮೊದಲು ಹೇಳುತ್ತೇವೆ. ಇಂಕಸ್ ತಾನಾಗಿ ಒಂದು 'ಬ್ರಿಡ್ಜ್' ಕಟ್ಟುತ್ತದೆ. ಲೈನಿನ ಒಳ ಓಣಿಯಿದ್ದಂತೆ. ಆ ಓಣಿಯಲ್ಲಿ ಪ್ರತಿ ಕಂಟೇನರಿಗೂ ಖಾಸಗಿ ವಿಳಾಸ ಸಿಗುತ್ತದೆ. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿನವರು ತಾವಾಗಿ ಒಳಗೆ ಬರಲಾರರು. ಇದನ್ನು ತೊಡಕೆಂದು ತಿಳಿದ ಕೆಲವರು, 'ಮ್ಯಾಕ್‌ವಿಲ್ಯಾನ್' ಮಾಡಿ ಪ್ರತಿ ಕಂಟೇನರಿಗೂ ಕಚೇರಿಯ ಜಾಲದಲ್ಲೇ ವಿಳಾಸ ಕೊಟ್ಟುಬಿಡಿ, ಎಲ್ಲರಿಗೂ ಅನುಕೂಲ ಎನ್ನುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಸದಸ್ಯರ ಸಾಲ, ಠೇವಣಿ, ಬ್ಯಾಂಕ್ ಖಾತೆಯ ಸಂಖ್ಯೆಗಳಿರುವ ಡೇಟಾಬೇಸನ್ನು ಕಚೇರಿಗೆ ಬಂದು ಹೋಗುವವರ ಮೊಬೈಲು, ಲ್ಯಾಪ್‌ಟಾಪುಗಳ ನಡುವೆ ತಂದು ನಿಲ್ಲಿಸುವುದು ತಿಜೋರಿಯನ್ನು ಜಗಲಿಯ ಮೇಲಿಟ್ಟಂತೆ. ಮೇಲಾಗಿ ಮ್ಯಾಕ್‌ವಿಲ್ಯಾನ್ ಕ್ರಮದಲ್ಲಿ ಕಂಟೇನರೂ ಅದನ್ನು ಹೊತ್ತ ಯಂತ್ರವೂ ಪರಸ್ಪರ ಮಾತಾಡಲಾರವು ಎಂಬ ತೊಡಕೂ ಉಂಟು.

ನಾವು ಸೂಚಿಸುವ ಕ್ರಮ ಸರಳ. ಹೊರಗಿನಿಂದ ಒಂದೇ ದಿಡ್ಡಿ ಬಾಗಿಲು. ಯಂತ್ರದ 443ನೆಯ ಪೋರ್ಟಿಗೆ ಬಂದದ್ದನ್ನು 'ಪ್ರಾಕ್ಸಿ' ಎಂಬ ಸಾಧನದ ಮೂಲಕ ಮುಂಬಾಗಿಲ ಕಂಟೇನರಿಗೆ ಮಾತ್ರ ದಾಟಿಸುವುದು. ಲೆಕ್ಕಪತ್ರವನ್ನು ಮುಂಬಾಗಿಲು ಕೇಳಲಿ, ಖಾತೆಯನ್ನು ಲೆಕ್ಕಪತ್ರ ಕೇಳಲಿ. ಖಾತೆಗೆ ನೇರ ಬಾಗಿಲು ಬೇಡ. ಮೂರಕ್ಕೂ ವಿಳಾಸವನ್ನು ಸ್ಥಿರವಾಗಿ ಗೊತ್ತುಮಾಡಬೇಕು. ಒಂದು ಕಾರ್ಯಕ್ರಮ ಇನ್ನೊಂದನ್ನು ಅಂಕೆಯಿಂದಲ್ಲದೆ ಹೆಸರಿನಿಂದ ಕರೆಯುವಂತೆ ಬರೆಯಬೇಕು; ಆ ಹೆಸರುಗಳನ್ನು ಬ್ರಿಡ್ಜೇ ಒದಗಿಸುತ್ತದೆ. ಇನ್ನೊಂದು ಎಚ್ಚರಿಕೆ: ಅದೇ ಯಂತ್ರದ ಮೇಲೆ ಡಾಕರನ್ನೂ ಹೂಡಿದರೆ ಅದು ಫೈರ್‌ವಾಲಿನಲ್ಲಿ ಹಾದುಹೋಗುವ ಸಂಚಾರವನ್ನು ತಡೆಯುವ ನಿಯಮ ಹಾಕುತ್ತದೆ, ಬ್ರಿಡ್ಜಿನ ಕಂಟೇನರುಗಳಿಗೆ ಹೊರಸಂಪರ್ಕ ಕಡಿದುಹೋಗುತ್ತದೆ. ಡಾಕರ್ ಬೇಕೇ ಬೇಕಾದರೆ ಅದನ್ನು ಪ್ರತ್ಯೇಕ ಕಂಟೇನರಿನೊಳಗೆ ಇಡುವುದು ಲೇಸು.

ಇನ್ನು ನಿಲುಗಡೆಯ ವಿಷಯ. ನಮ್ಮ ಮಲೆನಾಡಿನಲ್ಲಿ ಇದೇ ಮುಖ್ಯ. ಯಂತ್ರವನ್ನು ಅಳವಡಿಸಿಕೊಟ್ಟವರು ಹಚ್ಚುವುದನ್ನು ಎರಡು ಸಲ ತೋರಿಸಿದರು; ಆರಿಸುವುದರ ಬಗೆಗೆ ಒಂದು ಮಾತೂ ಆಡಲಿಲ್ಲ. ಮರ ಬಿದ್ದು ತಂತಿ ಹರಿದ ದಿನ ವಿದ್ಯುತ್ತು ಯಾರನ್ನೂ ಕೇಳಿ ಹೋಗುವುದಿಲ್ಲ ಎಂಬುದು ಪಟ್ಟಣದಲ್ಲಿ ಕುಳಿತವರಿಗೆ ಹೊಳೆಯದಿದ್ದೀತು.

ಯಂತ್ರ ನಿಲ್ಲುವಾಗ ಪ್ರತಿ ಕಂಟೇನರಿನ ಮೇಸ್ತ್ರಿಗೆ ಒಂದು ಸಂಜ್ಞೆ ಹೋಗುತ್ತದೆ: ಕೆಲಸ ಮುಗಿಸಿ ಎಂದು. ಮೇಸ್ತ್ರಿ ತನ್ನ ಆಳುಗಳಿಗೆ ಹೇಳುತ್ತಾನೆ. ಸಿಸ್ಟಮ್‌ಡಿ ಎಂಬ ಈ ಮೇಸ್ತ್ರಿ ತಾನಾಗಿ ಒಂದೊಂದು ಆಳಿಗೆ 90 ಸೆಕೆಂಡಿನವರೆಗೆ ಕಾಯುತ್ತಾನೆ. ಆದರೆ ಹೊರಗಿನ ಯಜಮಾನನಾದ ಇಂಕಸ್, ನಾವು ಬೇರೆ ಹೇಳದಿದ್ದರೆ, ಇಡೀ ಕಂಟೇನರಿಗೆ ಕೊಡುವ ಸಮಯ 30 ಸೆಕೆಂಡು ಮಾತ್ರ. ಅಷ್ಟರಲ್ಲಿ ಮುಗಿಯದಿದ್ದರೆ ಬಲವಂತದ ನಿಲುಗಡೆ. ಒಳಗಿನವನು ಇನ್ನೂ ಕಾಯುತ್ತಿರುವಾಗಲೇ ಹೊರಗಿನವನು ಕದ ಜಡಿದಂತೆ. ಈ ಎರಡು ಅಂಕೆಗಳ ಅಂತರವನ್ನು ಅರಿಯದವರು ಯುಪಿಎಸ್ ಎಷ್ಟು ದೊಡ್ಡದನ್ನು ತಂದರೂ ಪ್ರಯೋಜನವಿಲ್ಲ.

ಇಷ್ಟಕ್ಕೂ ಡೇಟಾಬೇಸು ತನ್ನ ದಿನಚರಿಯನ್ನು ಮೊದಲೇ ಬರೆದಿಟ್ಟಿರುತ್ತದೆ, ಮತ್ತೆ ಹಚ್ಚಿದಾಗ ಅದನ್ನು ಓದಿ ಸರಿಪಡಿಸಿಕೊಳ್ಳುತ್ತದೆಯಲ್ಲ ಎಂದು ತಿಳಿದವರು ಕೇಳಬಹುದು. ಮಾತು ನಿಜ. ಪೋಸ್ಟ್‌ಗ್ರೆಸ್, ಮರಿಯಾಡಿಬಿಗಳಂಥವು ಈ ವಿಷಯದಲ್ಲಿ ಗಟ್ಟಿ. ಆದರೆ ಅವು ಉಳಿಸಿಕೊಡುವುದು ತಮ್ಮಲ್ಲಿ ಸಂಪೂರ್ಣವಾಗಿ ದಾಖಲಾದದ್ದನ್ನು ಮಾತ್ರ. ಗೋದಾಮಿನಲ್ಲಿ ಚೀಟಿ ಮುದ್ರಣವಾಗಿ ಸದಸ್ಯನ ಕೈಸೇರಿದೆ, ಅದರ ನಮೂದು ಮುಂಬಾಗಿಲಿನಿಂದ ಖಾತೆಗೆ ಇನ್ನೂ ದಾಟಿಲ್ಲ. ಆ ಗಳಿಗೆಯಲ್ಲಿ ಯಂತ್ರ ನಿಂತರೆ ಡೇಟಾಬೇಸು ಶುದ್ಧವಾಗಿಯೇ ಇರುತ್ತದೆ, ಸದಸ್ಯನ ಮೂಟೆ ಮಾತ್ರ ಲೆಕ್ಕದಲ್ಲಿರುವುದಿಲ್ಲ. ಬಡ ಬೆಳೆಗಾರನೊಬ್ಬ ನಾಲ್ಕು ಮೂಟೆ ಅಡಿಕೆ ಹಾಕಿ ಹೋಗಿ, ಹದಿನೈದು ದಿನ ಬಿಟ್ಟು ಹಣಕ್ಕೆ ಬಂದಾಗ ಯಂತ್ರದಲ್ಲಿ ಮೂರೇ ಇದೆ ಎನ್ನಿಸಿಕೊಂಡರೆ, ಅವನ ಪಾಲಿಗೆ ಸಂಘ ಅಂದೇ ಮುಗಿಯಿತು.

ಆದ್ದರಿಂದಲೇ ಕ್ರಮ ಬೇಕು. ಪಲ್ಪರ್ ನಡೆಸಿದವರಿಗೆ ಇದು ಗೊತ್ತು. ನಿಲ್ಲಿಸುವಾಗ ಮೊದಲು ಹಣ್ಣು ಸುರಿಯುವುದನ್ನು ಬಿಡುತ್ತೇವೆ. ಒಳಗಿದ್ದ ಹಣ್ಣೆಲ್ಲ ಹಾದುಹೋದ ಮೇಲೆ ಮೋಟಾರು ನಿಲ್ಲಿಸುತ್ತೇವೆ. ಇಲ್ಲಿಯೂ ಮುಂಬಾಗಿಲು ಮೊದಲು ಮುಚ್ಚಲಿ, ಹೊಸ ಚೀಟಿ ಬಾರದಿರಲಿ, ಬಳಿಕ ಲೆಕ್ಕಪತ್ರ, ಕೊನೆಗೆ ಖಾತೆ. ಹಚ್ಚುವಾಗ ಇದಕ್ಕೆ ತಿರುಗಾಮುರುಗಾ. ಇಂಕಸಿನಲ್ಲಿ ನಿಲ್ಲಿಸುವ ಸರದಿಗೆ ಒಂದು ಅಂಕೆ, ಹಚ್ಚುವ ಸರದಿಗೆ ಇನ್ನೊಂದು ಅಂಕೆ ಕೊಡಬಹುದು. ಎರಡರಲ್ಲಿಯೂ ದೊಡ್ಡ ಅಂಕೆಯವರದೇ ಮೊದಲ ಸರದಿ. ಎಂದರೆ ಖಾತೆಯ ಕಂಟೇನರಿಗೆ ಹಚ್ಚುವಾಗ ಅತಿ ದೊಡ್ಡ ಅಂಕೆ, ನಿಲ್ಲಿಸುವಾಗ ಅತಿ ಸಣ್ಣ ಅಂಕೆ. ಒಂದೇ ಅಂಕೆಯನ್ನು ಎರಡೂ ಕಡೆ ಬರೆದರೆ ಕೆಲಸ ಕೆಡುತ್ತದೆ.

ಸಮಯದ ಲೆಕ್ಕವೂ ಸುಲಭ. ಮುಂಬಾಗಿಲಿಗೆ 30 ಸೆಕೆಂಡು, ಲೆಕ್ಕಪತ್ರಕ್ಕೆ 60, ಖಾತೆಗೆ 120 ಎಂದಿಟ್ಟುಕೊಂಡರೆ ಒಟ್ಟು 210 ಸೆಕೆಂಡು, ಅಂದರೆ ಮೂರೂವರೆ ನಿಮಿಷ. ಯಂತ್ರ ತಾನು ನಿಲ್ಲಲು ಇನ್ನೊಂದೂವರೆ ನಿಮಿಷ ಸೇರಿಸಿ ಐದು ನಿಮಿಷ. ಬ್ಯಾಟರಿ ಹಳತಾಗುತ್ತ ಹೋಗುವುದರಿಂದ, ಹತ್ತು ನಿಮಿಷದ ಶಕ್ತಿ ಉಳಿದಿರುವಾಗಲೇ ನಿಲುಗಡೆ ಆರಂಭವಾಗುವಂತೆ 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್'ನಂಥ ಕಾರ್ಯಕ್ರಮಕ್ಕೆ ಹೇಳಿಡಬೇಕು. ಆರಂಭವಾದ ಮೇಲೆ ನಡುವೆ ವಿದ್ಯುತ್ತು ಬಂದರೂ ಅದು ಪೂರ್ತಿಯಾಗಲಿ. ಕೊನೆಯಲ್ಲಿ ಯುಪಿಎಸ್ ಒಂದು ಸಲ ಯಂತ್ರದ ವಿದ್ಯುತ್ತನ್ನು ಕಡಿದು ಮತ್ತೆ ಕೊಡುವಂತಿರಬೇಕು. ಇಲ್ಲದಿದ್ದರೆ ವಿದ್ಯುತ್ತು ಬಂದದ್ದು ಯಂತ್ರಕ್ಕೆ ತಿಳಿಯದೆ ಬೆಳಗಿನವರೆಗೂ ಅದು ಮಲಗಿಯೇ ಇರುತ್ತದೆ.

ಜನರೇಟರ್ ಇದೆಯಲ್ಲ, ಇಷ್ಟೆಲ್ಲ ಏಕೆ ಎಂಬುದು ಒಂದು ಆಕ್ಷೇಪ. ವಿದ್ಯುತ್ತು ಹೋದ ಗಳಿಗೆಗೂ ಜನರೇಟರ್ ಹಿಡಿದುಕೊಳ್ಳುವ ಗಳಿಗೆಗೂ ನಡುವೆ ಇರುವ ಅಂತರದಲ್ಲೇ ಯಂತ್ರ ಬೀಳುವುದು. ಡೀಸೆಲ್ ಮುಗಿದ ರಾತ್ರಿಯ ಮಾತು ಬೇರೆ. ಎಲ್ಲವನ್ನೂ ದೂರದ ಬಾಡಿಗೆಯ ಸರ್ವರಿಗೆ ಕೊಟ್ಟುಬಿಡೋಣ ಎಂಬುದು ಇನ್ನೊಂದು. ಇದರಲ್ಲಿ ಹುರುಳಿದೆ, ಅಲ್ಲಿ ವಿದ್ಯುತ್ತಿನ ಚಿಂತೆ ನಮ್ಮದಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಕೇಬಲ್ ಹರಿದರೆ ಗೋದಾಮಿನ ಕಾಟಾ ನಿಂತುಹೋಗುತ್ತದೆ, ಮೂಟೆ ಹೊತ್ತು ಬಂದವರು ಜೀಪಿನಲ್ಲಿ ಕಾಯಬೇಕಾಗುತ್ತದೆ. ಅಲ್ಲಿಯೂ ದುರಸ್ತಿಗೆಂದು ಯಂತ್ರಗಳನ್ನು ನಿಲ್ಲಿಸುತ್ತಾರೆ. ಕ್ರಮದ ಕಟ್ಟುಪಾಡು ಅಲ್ಲಿಗೂ ಬೇಕು. ಕೆಲಸದ ಪ್ರತಿ ಇಲ್ಲಿರಲಿ, ದಿನದ ನಕಲು ಹೊರಗಿರಲಿ ಎಂಬುದು ನಮ್ಮ ನಿಲುವು. ಒಂದೇ ಡಿಸ್ಕಿನ ಮೇಲೆ ತೆಗೆದ 'ಸ್ನ್ಯಾಪ್‌ಶಾಟ್' ನಕಲಲ್ಲ. ಡಿಸ್ಕು ಹೋದರೆ ಅದೂ ಹೋಗುತ್ತದೆ.

ಆದುದರಿಂದ ಬರುವ ಸರ್ವಸದಸ್ಯರ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನಿಡುತ್ತಿದ್ದೇವೆ. ಒಂದು, ಪ್ರತಿ ವರ್ಷ ಮೇ ತಿಂಗಳ ಒಂದು ಭಾನುವಾರ ಯುಪಿಎಸ್‌ಗೆ ಬರುವ ವಿದ್ಯುತ್ತನ್ನು ಬೇಕೆಂದೇ ತೆಗೆದು, ಯಂತ್ರ ಕ್ರಮವಾಗಿ ನಿಂತು ಕ್ರಮವಾಗಿ ಏಳುತ್ತದೆಯೇ ಎಂದು ಗಡಿಯಾರ ಹಿಡಿದು ನೋಡತಕ್ಕದ್ದು. ಎರಡು, ಕಂಟೇನರುಗಳ ಹೆಸರು, ವಿಳಾಸ, ನಿಲುಗಡೆಯ ಸರದಿ, ಸೆಕೆಂಡುಗಳನ್ನು ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಹಚ್ಚತಕ್ಕದ್ದು. ಮೂರು, ಈ ಕೆಲಸವನ್ನು ಸಿಬ್ಬಂದಿಯಲ್ಲಿ ಇಬ್ಬರೂ ನಿರ್ದೇಶಕರಲ್ಲಿ ಒಬ್ಬರೂ ಕಲಿತಿರತಕ್ಕದ್ದು. ನಾಲ್ಕು, ಆಡಳಿತ ಮಂಡಳಿಯ ನಡವಳಿಯಿಲ್ಲದೆ ಹೊರಗಿನಿಂದ ಎರಡನೆಯ ಬಾಗಿಲು ತೆರೆಯಕೂಡದು.

ಹೊಸ ಬ್ಯಾಟರಿಯ ಖರ್ಚು ಬಿಟ್ಟರೆ ಇವಕ್ಕೆ ಬೇಕಾದುದು ಅರ್ಧ ದಿನದ ಶ್ರಮ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತು ನಮ್ಮ ಸಂಘಕ್ಕೆ ಬಾರದಿರಲಿ. ಸದಸ್ಯ ಬಾಂಧವರು ಸಭೆಗೆ ತಪ್ಪದೆ ಬಂದು, ಒಪ್ಪಿಗೆಯಿದ್ದರೆ ಕೈಯೆತ್ತಿ, ಇಲ್ಲದಿದ್ದರೆ ಕಾರಣ ಹೇಳಿ, ಈ ವಿಷಯವನ್ನು ಮಳೆಗೆ ಮೊದಲೇ ಇತ್ಯರ್ಥ ಮಾಡಿಕೊಡಬೇಕೆಂದು ಕೋರುತ್ತೇವೆ.