ಛಾಯಾಗ್ರಹಣವು ಮನೆಯಿಂದ ಮೊದಲಾಗಲಿ

ನಮ್ಮ ಕಾಲೇಜಿನ ಅನೇಕ ಮಿತ್ರರು ಛಾಯಾಗ್ರಹಣವನ್ನು ತಾವೇ ಕಲಿಯಹೊರಟಿದ್ದಾರೆ. ಸಂತೋಷವೇ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರ ವನ್ಯಜೀವಿ ಚಿತ್ರಗಳನ್ನು ನೋಡಿದವರಿಗೆ ಕಾಡುಬೆಟ್ಟಗಳ ಆಸೆ ಹುಟ್ಟುವುದೂ ಸಹಜ. ಆದುದರಿಂದ ಎಲ್ಲರೂ ಮೊದಲು ಓಡುವುದು ಅಂಬಾಜಿದುರ್ಗಕ್ಕೆ, ಕೈಲಾಸಗಿರಿಗೆ, ಸೂರ್ಯೋದಯವನ್ನು ಹಿಡಿಯಲು! ನಾನೂ ಓಡಿದವನೇ. ನನ್ನ ಮೊಬೈಲಿನಲ್ಲಿ 300 ಸೂರ್ಯರಿದ್ದಾರೆ. ಕಳೆದ ವರ್ಷ ತೀರಿಕೊಂಡ ಅಜ್ಜಿಯ ಒಂದು ಚಿತ್ರವಿಲ್ಲ. ಗೋಡೆಗೆ ಹಾಕಿದ್ದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಮಸುಕು ಮುಖ. ಅದು ಅಜ್ಜಿಯ ಹಾಗಿಲ್ಲವೆಂದು ತಾಯಿ ಇಂದಿಗೂ ಹೇಳುತ್ತಾಳೆ.

ಹವ್ಯಾಸವು ಮನೆಯಿಂದಲೇ ಮೊದಲಾಗಬೇಕೆಂಬುದು ನನ್ನ ವಾದ. ಕಲಿಯುವುದಕ್ಕೂ ಅಲ್ಲಿ ಕೊರತೆಯಿಲ್ಲ. ನಡುಹಗಲ ಬಿಸಿಲಿನಲ್ಲಿ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಅದೇ ಮುಖವನ್ನು ಬಾಗಿಲೊಳಗೆ, ಬೆಳಕಿಗೆ ಓರೆಯಾಗಿ ಕೂರಿಸಿದರೆ ಸುಕ್ಕುಗಳೂ ತಿಳಿಯಾಗಿ ಕಾಣುತ್ತವೆ. ಮುಂಜಾನೆ ಟೊಮೆಟೊ ಮಂಡಿಯಲ್ಲಿ ಕ್ರೇಟು ಎತ್ತುತ್ತಿದ್ದ ತಂದೆಯವರನ್ನು ಸೆಕೆಂಡಿನ 1/30 ಭಾಗದಲ್ಲಿ ಹಿಡಿದೆ. ಕೈಗಳು ಹೊಗೆಯಂತೆ ಬಂದುವು. ಮರುದಿನ 1/250ಕ್ಕೆ ಇಳಿಸಿ, ಐಎಸ್‌ಒ ಏರಿಸಿದೆ. ಚಿತ್ರದಲ್ಲಿ ಮರಳು ಚೆಲ್ಲಿದಂತಾಯಿತು. ಆದರೆ ಕೈಗಳು ಕೈಗಳಾಗಿಯೇ ನಿಂತುವು. ನನಗೆ ಹೆಮ್ಮೆಯೋ ಹೆಮ್ಮೆ.

ತಂದೆಯವರು ನೋಡಿ, "ಈ ಬಟ್ಟೇಲಿ ಯಾಕಪ್ಪಾ ಹಿಡಿದೆ? ಅಳಿಸಿಬಿಡು" ಎಂದರು. ಕೇಳದೆ ತೆಗೆದದ್ದು ನನ್ನ ತಪ್ಪೇ. ಅಳಿಸಿದೆ. ಭಾನುವಾರ ಅವರು ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ತಾವಾಗಿಯೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು.